ಮದರ್‌ಬೋರ್ಡ್ ಕೊಳ್ಳಲು ಹೋಗಿ ಓದಿಕೊಂಡ ಇತಿಹಾಸ

ನಮ್ಮ ಬಳಗದ ಕೆಲಸವೆಲ್ಲ ನಡೆಯುವುದು ಗೆಳೆಯನೊಬ್ಬನ ಮನೆಯ ಹೊರಕೋಣೆಯಲ್ಲಿರುವ ಒಂದೇ ಕಂಪ್ಯೂಟರಿನಲ್ಲಿ. ಓದು ಮುಗಿಸಿದ ವರ್ಷ, 2014ರಲ್ಲಿ, ಎಲ್ಲರೂ ಅಷ್ಟಿಷ್ಟು ದುಡ್ಡು ಹಾಕಿ ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಅಸೆಂಬಲ್ ಮಾಡಿಸಿ ತಂದದ್ದು. ಪುಟ ವಿನ್ಯಾಸ, ಫೋಟೊ, ಸಂದರ್ಶನದ ಆಡಿಯೊ ಎಲ್ಲವನ್ನೂ ಅದು ತಕರಾರಿಲ್ಲದೆ ಮಾಡಿಕೊಟ್ಟಿದೆ. ಈಚೆಗೆ ವಿಡಿಯೊ ಎಡಿಟಿಂಗಿಗೆ ಕೂತರೆ ಮಾತ್ರ, ನಾವು ಹೋಗಿ ಚಹಾ ಕುಡಿದು ಬಂದರೂ ಅದಿನ್ನೂ ಯೋಚಿಸುತ್ತಲೇ ಇರುತ್ತದೆ.

ರ‍್ಯಾಮ್ ಹೆಚ್ಚಿಸಿದರೆ ಸರಿಹೋದೀತೆಂದು 16 ಜಿಬಿಯ ಡಿಡಿಆರ್4 ರ‍್ಯಾಮ್ ತಂದೆವು. ಅದು ಸ್ಲಾಟಿನಲ್ಲಿ ಕೂರಲೇ ಇಲ್ಲ. ನಮ್ಮದು ಡಿಡಿಆರ್3 ಬೋರ್ಡು. ತೆರೆದು ನೋಡದೆ ಕೊಂಡದ್ದು ನಮ್ಮದೇ ತಪ್ಪು.

ಊರಿನ ರಿಪೇರಿ ಅಂಗಡಿಯವರನ್ನು ಕೇಳಿದೆವು. ‘ಈ ರ‍್ಯಾಮ್ ಹಾಕ್ಬೇಕು ಅಂದ್ರೆ ಬೋರ್ಡ್ ಬದಲಾಯಿಸ್ಬೇಕು. ಬೋರ್ಡ್ ಬದಲಾಯಿಸಿದ್ರೆ ಪ್ರೊಸೆಸರೂ ಬದಲಾಯಿಸ್ಬೇಕು’ ಎಂದರು. ಒಂದು ಬಿಡಿಭಾಗ ತರಲು ಹೋಗಿ ಅರ್ಧ ಕಂಪ್ಯೂಟರನ್ನೇ ಹೊಸದಾಗಿ ಕೊಳ್ಳುವ ಲೆಕ್ಕ ಎದುರಿಗೆ ನಿಂತಿತು. ಯಾವುದು ಯಾವುದಕ್ಕೆ ಹೊಂದಬೇಕೆಂದು ಯಾರು ತೀರ್ಮಾನಿಸುತ್ತಾರೆ? ದುಡ್ಡು ಒಟ್ಟುಮಾಡುವ ಮೊದಲು ಇದನ್ನು ತಿಳಿದುಕೊಳ್ಳೋಣ ಎಂದುಕೊಂಡೆವು.

ಬಿಡಿಭಾಗ ಕೊಂಡು ನಮಗೆ ಬೇಕಾದಂತೆ ಜೋಡಿಸಿಕೊಳ್ಳುವ ಪದ್ಧತಿ ಗಟ್ಟಿಯಾಗಿ ಬೇರುಬಿಟ್ಟದ್ದು ಐಬಿಎಂ ಕಂಪನಿಯ ಅವಸರದಿಂದ. 1981ರ ಆಗಸ್ಟಿನಲ್ಲಿ ಅದು ತನ್ನ ಪರ್ಸನಲ್ ಕಂಪ್ಯೂಟರನ್ನು ಮಾರುಕಟ್ಟೆಗೆ ತಂದಿತು. ಬೇಗ ಮುಗಿಸಬೇಕಿದ್ದರಿಂದ ಎಲ್ಲವನ್ನೂ ತಾನೇ ತಯಾರಿಸಲಿಲ್ಲ. ಪ್ರೊಸೆಸರ್ ಇಂಟೆಲ್‌ನ 8088. ಬೋರ್ಡಿನ ಮೇಲೆ ಬೇರೆ ಕಾರ್ಡು ಸೇರಿಸಲು ಐದು ಸ್ಲಾಟು. ಸರ್ಕ್ಯೂಟಿನ ನಕ್ಷೆಗಳಿದ್ದ ತಾಂತ್ರಿಕ ಕೈಪಿಡಿಯನ್ನೂ ಐಬಿಎಂ ಮಾರಿತು. ಅದರ ಕೈಯಲ್ಲಿ ಭದ್ರವಾಗಿ ಉಳಿದದ್ದು ಬಯೋಸ್, ಅಂದರೆ ಯಂತ್ರವನ್ನು ಎಬ್ಬಿಸಿ ಕೂರಿಸುವ ಪುಟ್ಟ ತಂತ್ರಾಂಶ. ಕಾಂಪ್ಯಾಕ್ ಕಂಪನಿ ಅದನ್ನು ನಕಲು ಮಾಡದೆ, ಅದೇ ಕೆಲಸ ಮಾಡುವ ಬಯೋಸನ್ನು ಹೊಸದಾಗಿ ಬರೆದುಕೊಂಡು 1982ರ ಕೊನೆಗೆ ತನ್ನದೇ ಯಂತ್ರವನ್ನು ಪ್ರಕಟಿಸಿತು. ಅಲ್ಲಿಂದ ಬಾಗಿಲು ತೆರೆಯಿತು. ತೈವಾನಿನಲ್ಲಿ 1986ರಲ್ಲಿ ಗಿಗಾಬೈಟ್ ಮತ್ತು ಎಂಎಸ್‌ಐ, 1989ರಲ್ಲಿ ಆಸುಸ್ ಹುಟ್ಟಿದವು. ಎಸ್.ಪಿ. ರಸ್ತೆಯ ಅಂಗಡಿಗಳ ಕಪಾಟಿನಲ್ಲಿ ಇವತ್ತಿಗೂ ಕಾಣುವ ಪೆಟ್ಟಿಗೆಗಳು ಇವರವೇ.

ತೆರೆದ ಬಾಗಿಲನ್ನು ಮುಚ್ಚಲು ಐಬಿಎಂ ಪ್ರಯತ್ನಿಸದೆ ಇರಲಿಲ್ಲ. 1987ರಲ್ಲಿ ಪಿಎಸ್/2 ಎಂಬ ಹೊಸ ಯಂತ್ರಗಳಲ್ಲಿ ಸ್ಲಾಟಿನ ವಿನ್ಯಾಸವನ್ನೇ ಬದಲಿಸಿತು. ಹಳೆಯ ಕಾರ್ಡುಗಳು ಅದರಲ್ಲಿ ಕೂರುತ್ತಿರಲಿಲ್ಲ. ಬೇರೆ ಕಂಪನಿಗಳು ಆ ವಿನ್ಯಾಸ ಬಳಸಬೇಕಾದರೆ ಐಬಿಎಂಗೆ ಹಣ ಕಟ್ಟಬೇಕಿತ್ತು. ಮರುವರ್ಷವೇ ಕಾಂಪ್ಯಾಕ್ ಸೇರಿದಂತೆ ಒಂಬತ್ತು ಕಂಪನಿಗಳು ಒಟ್ಟಾಗಿ, ಹಳೆಯ ಕಾರ್ಡನ್ನೂ ಒಪ್ಪುವ ಇನ್ನೊಂದು ವಿನ್ಯಾಸ ಪ್ರಕಟಿಸಿದವು. ಐಬಿಎಂನ ಹೊಸ ಸ್ಲಾಟನ್ನು ಮಾರುಕಟ್ಟೆ ಒಪ್ಪಿಕೊಳ್ಳಲಿಲ್ಲ. ಪಿಸಿ ಹೇಗಿರಬೇಕೆಂದು ಹೇಳುವ ಯಜಮಾನಿಕೆಯೂ ಅದರ ಕೈತಪ್ಪಿತು.

ಆ ಯಜಮಾನಿಕೆ ಬಹುಮಟ್ಟಿಗೆ ಇಂಟೆಲ್‌ಗೆ ಹೋಯಿತು. 1995ರಲ್ಲಿ ಅದು ಎಟಿಎಕ್ಸ್ ಎಂಬ ಅಳತೆಯನ್ನು ಎಲ್ಲರಿಗೂ ಸಿಗುವಂತೆ ಪ್ರಕಟಿಸಿತು. ಬೋರ್ಡು ಎಷ್ಟು ಅಗಲ, ಸ್ಕ್ರೂ ಹಾಕುವ ತೂತುಗಳು ಎಲ್ಲೆಲ್ಲಿ ಎಂಬುದೆಲ್ಲ ಅದರಲ್ಲಿದೆ. ಮೂವತ್ತು ವರ್ಷದ ಮೇಲೂ ಅದೇ ಅಳತೆ ನಡೆಯುತ್ತಿದೆ. ನಮ್ಮ 2014ರ ಕ್ಯಾಬಿನೆಟ್ಟಿನಲ್ಲಿ ಇವತ್ತಿನ ಬೋರ್ಡು ಕೂರುವುದು ಇದರಿಂದಲೇ.

ಪ್ರೊಸೆಸರ್ ಕೂರುವ ಸಾಕೆಟ್ಟಿನ ಕಥೆ ಬೇರೆ. ತೊಂಬತ್ತರ ದಶಕದ ನಡುವೆ ಸಾಕೆಟ್ 7 ಇದ್ದ ಬೋರ್ಡಿನ ಮೇಲೆ ಇಂಟೆಲ್, ಎಎಂಡಿ, ಸೈರಿಕ್ಸ್ ಮೂರೂ ಕಂಪನಿಗಳ ಪ್ರೊಸೆಸರುಗಳು ಕೂರುತ್ತಿದ್ದವು. ಕೊಳ್ಳುವವರು ತಮ್ಮ ಕಿಸೆ ನೋಡಿಕೊಂಡು ಆರಿಸಬಹುದಿತ್ತು. 1997ರಲ್ಲಿ ಇಂಟೆಲ್ ಪೆಂಟಿಯಂ 2ಕ್ಕಾಗಿ ಸ್ಲಾಟ್ 1 ಎಂಬ ತನ್ನದೇ ವಿನ್ಯಾಸ ತಂದಿತು. 1999ರಲ್ಲಿ ಎಎಂಡಿಯೂ ಅಥ್ಲಾನ್‌ಗಾಗಿ ಬೇರೆ ದಾರಿ ಹಿಡಿಯಿತು. ಅಂದಿನಿಂದ ಬೋರ್ಡು ಕೊಳ್ಳುವುದೆಂದರೆ ಇಬ್ಬರಲ್ಲಿ ಒಬ್ಬರ ಮನೆಗೆ ಸೇರಿದ ಹಾಗೆ.

ನಮ್ಮನ್ನು ಪೇಚಿಗೆ ಸಿಕ್ಕಿಸಿದ ರ‍್ಯಾಮ್ ನಿಜಕ್ಕೂ ಪ್ರಾಮಾಣಿಕ ವಸ್ತು. ಅದರ ಅಳತೆಯನ್ನು ನಿಗದಿ ಮಾಡುವುದು ಹಲವು ಕಂಪನಿಗಳು ಸೇರಿದ ಜೆಡೆಕ್ ಎಂಬ ಸಂಸ್ಥೆ. ಡಿಡಿಆರ್3, 4, 5 ಒಂದೊಂದಕ್ಕೂ ಅಂಚಿನ ಕಚ್ಚು ಬೇರೆ ಬೇರೆ ಕಡೆ ಇರುತ್ತದೆ. ತಪ್ಪಿ ಹಾಕಲು ಹೋದರೆ ಕೂರುವುದಿಲ್ಲ, ಸುಡುವುದೂ ಇಲ್ಲ.

ಸಾಕೆಟ್ ಯಾವಾಗಲೂ ಇಷ್ಟು ನೇರವಾಗಿ ಹೇಳುವುದಿಲ್ಲ. 2017ರಲ್ಲಿ ಇಂಟೆಲ್‌ನ ಎಂಟನೇ ಪೀಳಿಗೆಯ ಡೆಸ್ಕ್‌ಟಾಪ್ ಪ್ರೊಸೆಸರುಗಳು ಬಂದಾಗ ಸಾಕೆಟ್ ಹಿಂದಿನ ಅಳತೆಯದೇ ಇತ್ತು, 1151 ಪಿನ್ನು. ಆದರೂ ಹಿಂದಿನ ಬೋರ್ಡುಗಳಲ್ಲಿ ಅವು ನಡೆಯುವುದಿಲ್ಲ, ಹೊಸ ಬೋರ್ಡೇ ಬೇಕು ಎಂದು ಕಂಪನಿ ಹೇಳಿತು.

2020ರ ಮೇ ತಿಂಗಳಲ್ಲಿ ಎಎಂಡಿಯೂ ಇಂಥದೇ ಮಾತಾಡಿತು. ಬಯೋಸ್ ಚಿಪ್ಪಿನಲ್ಲಿ ಜಾಗ ಸಾಲದು, ಆದ್ದರಿಂದ ಮುಂದೆ ಬರುವ ರೈಜೆನ್ ಪ್ರೊಸೆಸರುಗಳು ಬಿ450ಯಂಥ ಬೋರ್ಡುಗಳಲ್ಲಿ ನಡೆಯವು ಎಂದಿತು. ಆ ಬೋರ್ಡುಗಳನ್ನು ಕೊಂಡಿದ್ದವರು ಜಗತ್ತಿನ ಮೂಲೆಮೂಲೆಯಿಂದ ದನಿ ಎತ್ತಿದರು. ಎರಡು ವಾರದೊಳಗೆ ಕಂಪನಿ ಮಾತು ಬದಲಿಸಿ, ಆ ಬೋರ್ಡುಗಳಿಗೂ ಬಯೋಸ್ ಕೊಡಿಸುವುದಾಗಿ ಹೇಳಿತು.

ಇದನ್ನೆಲ್ಲ ಓದಿದ ಮೇಲೆ ನಮಗೆ ತಿಳಿದದ್ದು ಇಷ್ಟು: ಅಳತೆಯನ್ನು ಹಲವರು ಕೂಡಿ ಒಪ್ಪಿಕೊಂಡ ಕಡೆ ಹಳೆಯ ವಸ್ತುವಿನ ಗತಿ ಮೊದಲೇ ಗೊತ್ತಿರುತ್ತದೆ. ಒಬ್ಬರ ಕೈಯಲ್ಲಿದ್ದ ಕಡೆ, ಕೊಂಡವರು ಸುಮ್ಮನಿದ್ದರೆ ಅದರ ಆಯಸ್ಸು ಕಡಿಮೆ.

ಇಷ್ಟರ ಮೇಲೆ ಕಾಲವೂ ಕಾಯಲಿಲ್ಲ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಬೆಂಬಲ ಮುಗಿಯಿತು. ವಿಂಡೋಸ್ 11 ಕೇಳುವ ಪ್ರೊಸೆಸರುಗಳ ಪಟ್ಟಿಯಲ್ಲಿ ನಮ್ಮದು ಇರಲಿಲ್ಲ. ಮೂಲಗಳ ಹೆಸರು, ಫೋನ್ ನಂಬರುಗಳಿರುವ ಯಂತ್ರವನ್ನು ಭದ್ರತೆಯ ಅಪ್‌ಡೇಟ್ ಇಲ್ಲದೆ ಇಂಟರ್ನೆಟ್ಟಿಗೆ ಬಿಡುವುದು ಪತ್ರಕರ್ತರಾದ ನಮಗೆ ಸರಿಕಾಣಲಿಲ್ಲ.

ಡಿಡಿಆರ್5 ಬೋರ್ಡು ಹಿಡಿದರೆ ಮುಂದೆ ಹೊಸ ಪ್ರೊಸೆಸರ್ ಹಾಕುವ ದಾರಿ ಉಳಿಯುತ್ತದೆ ಎಂದು ಬಳಗದ ಇಬ್ಬರು ವಾದಿಸಿದರು. ಮಾತು ಸರಿಯೇ. ಆದರೆ ತಂದ ರ‍್ಯಾಮ್ ಮತ್ತೆ ದಂಡವಾಗುತ್ತಿತ್ತು, ನಮ್ಮ ಕೈಯಲ್ಲಿದ್ದ ದುಡ್ಡೂ ಅಷ್ಟಿರಲಿಲ್ಲ. ಕೊನೆಗೆ ಡಿಡಿಆರ್4 ಒಪ್ಪುವ ಸೆಕೆಂಡ್ ಹ್ಯಾಂಡ್ ಬಿ450 ಬೋರ್ಡು, ಅದಕ್ಕೆ ರೈಜೆನ್ 5 5600ಜಿ ಪ್ರೊಸೆಸರ್ ಆರಿಸಿದೆವು. ಕೊನೆಯ ‘ಜಿ’ ಇದ್ದರೆ ಗ್ರಾಫಿಕ್ಸ್ ಒಳಗೇ ಇರುತ್ತದೆ, ಬೇರೆ ಕಾರ್ಡಿನ ಖರ್ಚಿಲ್ಲ. ಕೊಳ್ಳುವಾಗ ಬಯೋಸ್ ಅಪ್‌ಡೇಟ್ ಆಗಿದೆಯೇ ಎಂದು ಆನ್ ಮಾಡಿಸಿ ನೋಡಿದೆವು. ಕೆಪಾಸಿಟರುಗಳ ತಲೆ ಉಬ್ಬಿಲ್ಲವೆಂದು ಖಾತ್ರಿ ಮಾಡಿಕೊಂಡೆವು. ಕ್ಯಾಬಿನೆಟ್ ಹಳೆಯದೇ. ಹತ್ತು ವರ್ಷ ದಾಟಿದ ಎಸ್‌ಎಂಪಿಎಸ್ಸನ್ನು ಮಾತ್ರ ಬದಲಿಸಿದೆವು.

ಬೋರ್ಡು ಜೋಡಿಸಿ ಗುಂಡಿ ಒತ್ತಿದಾಗ ಪರದೆ ಬೆಳಗಿತು. 2020ರ ಮೇ ತಿಂಗಳಲ್ಲಿ ಎಲ್ಲೋ ಕೂತು ‘ಇದು ನ್ಯಾಯವಲ್ಲ’ ಎಂದು ಬರೆದ ಗುರುತಿಲ್ಲದ ಜನ ಸುಮ್ಮನಿದ್ದಿದ್ದರೆ, ಈ ಪ್ರೊಸೆಸರ್ ಈ ಬೋರ್ಡಿನ ಮೇಲೆ ಎಬ್ಬಿಸಿದರೂ ಏಳುತ್ತಿರಲಿಲ್ಲವೇನೋ. ಈ ಬರಹವನ್ನು ಟೈಪ್ ಮಾಡಿದ್ದು ಅದರಲ್ಲೇ.