ಕೋಳಿ ಹೊಟ್ಟ್ಯಾಗಿನ ಬೀಸುಕಲ್ಲು

ಜೇವರ್ಗಿ ಕಡೆಯ ನಮ್ಮೂರಲ್ಲಿ ಕೋಳಿ ಕೊಯ್ದ ದಿನ ನಾನು ಆಯಿಯ ಪಕ್ಕ ಬಿಟ್ಟು ಏಳ್ತಿರಲಿಲ್ಲ. ಗಟ್ಟಿ ಮಾಂಸದ ಒಂದು ಗುಂಡನೆಯ ಚೀಲವನ್ನು ಆಕೆ ನಡುವೆ ಸೀಳಿ ಬಿಚ್ಚುತ್ತಿದ್ದಳು. ಒಳಗೆ ಅರ್ಧ ನುಚ್ಚಾದ ಜೋಳ, ಒಂದಿಷ್ಟು ಸಣ್ಣ ಹರಳು. ಒಮ್ಮೆ ಹಸಿರು ಬಳೆಚೂರೂ ಸಿಕ್ಕಿತ್ತು, ಅಂಚು ಸವೆದು ನುಣ್ಣಗಾಗಿತ್ತು.

"ಕೋಳಿಗಿ ಹಲ್ಲಿಲ್ಲಲ್ಲ ತಮ್ಮಾ, ಅದಕ್ಕ ಹೊಟ್ಟ್ಯಾಗ ಬೀಸುಕಲ್ಲು ಇಟ್ಕೊಂಡದ" ಅಂದಿದ್ದಳು ಆಯಿ.

ಆಯಿ ಹೇಳಿದ್ದು ಸರಿಯೇ ಇತ್ತು. ಕೋಳಿ ನುಂಗಿದ ಕಾಳು ಮೊದಲು ಕುತ್ತಿಗೆಯ ಬುಡದ ಚೀಲದಲ್ಲಿ ನೆನೆಯುತ್ತದೆ. ಆಮೇಲೆ ಎರಡು ಹೊಟ್ಟೆ. ಮುಂದಿನದು ಆಮ್ಲ ಮತ್ತು ಜೀರ್ಣರಸ ಸುರಿಸುತ್ತದೆ. ಹಿಂದಿನದು ದಪ್ಪ ಸ್ನಾಯುಗಳಿಂದ ಅರೆಯುತ್ತದೆ. ಒಳಗೋಡೆ ಸವೆಯದಂತೆ ಹಳದಿ ಬಣ್ಣದ ಗಡುಸು ಪೊರೆ. ನಮ್ಮ ಎರಿಹೊಲದಲ್ಲಿ ಸಿಗುವ ಸುಣ್ಣಕಲ್ಲಿನ ಹರಳು ಆ ಆಮ್ಲಕ್ಕೆ ಬೇಗ ಕರಗುತ್ತದೆ, ಗಟ್ಟಿ ಕಲ್ಲು ಬಹಳ ದಿನ ಬಾಳುತ್ತದೆ.

ಇಷ್ಟನ್ನು ತಿಳಿಯಲು ಯುರೋಪಿನ ಪಂಡಿತರಿಗೆ ನೂರು ವರ್ಷದ ಮೇಲೆ ಹಿಡಿಯಿತು. ಅನ್ನ ಅರಗೋದು ಅಂದ್ರೆ ಬೀಸೋದೋ, ಕರಗೋದೋ ಅಂತ ಅವರಲ್ಲಿ ಜಗಳ. 17ನೇ ಶತಮಾನದಲ್ಲಿ ಫ್ಲಾರೆನ್ಸ್‌ನ ವಿದ್ವಾಂಸರು ಕೋಳಿ, ಬಾತುಗಳಿಗೆ ಗಾಜಿನ ಗೋಲಿ ನುಂಗಿಸಿದರು. ಒಳಗೆ ಅದು ಪುಡಿಯಾಯಿತು. ಮುಂದೆ ಇಟಲಿಯ ಸ್ಪಲ್ಲಾಂಜಾನಿ ಸೂಜಿ ಚುಚ್ಚಿದ ಸೀಸದ ಗುಂಡನ್ನು ಟರ್ಕಿಕೋಳಿಗೆ ನುಂಗಿಸಿದ. ಸೂಜಿಗಳು ಮುರಿದವು, ಹೊಟ್ಟೆಗೆ ಗಾಯವಾಗಲಿಲ್ಲ. ನಮ್ಮ ಬಳೆಚೂರಿನ ಕಥೆಯೂ ಇದೇ ಅಲ್ವಾ?

ಹಾಗಾದ್ರೆ ಬೀಸೋದೇ ಗೆದ್ದಿತೇ? ಇಲ್ಲ. 1752ರಲ್ಲಿ ಫ್ರಾನ್ಸಿನ ರಿಯೋಮರ್ ಪ್ರಕಟಿಸಿದ ಪ್ರಯೋಗ ತಿರುವು ಕೊಟ್ಟಿತು. ಆತ ಸಾಕಿದ್ದ ಹದ್ದಿಗೆ ಅರಗದ್ದನ್ನು ಕಾರಿಕೊಳ್ಳುವ ರೂಢಿ. ಲೋಹದ ಕೊಳವೆಯಲ್ಲಿ ಮಾಂಸವಿಟ್ಟು, ಬಾಯಿಗೆ ಜಾಲರಿ ಕಟ್ಟಿ ನುಂಗಿಸಿದ. ಹದ್ದು ಕೊಳವೆಯನ್ನು ಕಾರಿತು. ಕೊಳವೆ ಜಜ್ಜಿರಲಿಲ್ಲ, ಒಳಗಿನ ಮಾಂಸ ಮಾತ್ರ ಕರಗುತ್ತಾ ಬಂದಿತ್ತು. ಬೀಸುವ ಮಾತೇ ಇಲ್ಲ, ಎಲ್ಲ ರಸದ ಕೆಲಸ. ಕಾಳು ತಿನ್ನೋ ಹಕ್ಕಿಯ ಹೊಟ್ಟೆ ಬೇರೆ, ಮಾಂಸ ತಿನ್ನೋ ಹಕ್ಕಿಯ ಹೊಟ್ಟೆ ಬೇರೆ.

ಹದ್ದು ಅಂದಕೂಡಲೇ ಆಯಿ ಹೇಳುತ್ತಿದ್ದ ರಣಹದ್ದು ನೆನಪಾಗುತ್ತದೆ. ಆಕೆಯ ಕಾಲಕ್ಕೆ ಊರ ಹೊರಗೆ ಸತ್ತ ಎತ್ತು ಎಳೆದುಹಾಕಿದರೆ ಹಿಂಡು ಇಳೀತಿತ್ತಂತೆ. "ಅದರ ಹೊಟ್ಟ್ಯಾಗ ಏನ್ ಬಿದ್ರೂ ಸುಟ್ಟು ಹೋಗ್ತದ" ಅಂತಿದ್ದಳು. ಅದೂ ನಿಜ. ಕೊಳೆತ ಮಾಂಸದ ರೋಗಾಣುಗಳಲ್ಲಿ ಬಹಳಷ್ಟನ್ನು ಕೊಲ್ಲುವಷ್ಟು ಉಗ್ರ ಆಮ್ಲ ಅದರಲ್ಲಿದೆ.

ಆದರೆ ದನಗಳಿಗೆ ಕೊಡುವ ನೋವಿನ ಔಷಧಿ ಡೈಕ್ಲೋಫೆನಾಕನ್ನು ಆ ಆಮ್ಲ ಸುಡಲಿಲ್ಲ. ಔಷಧಿ ಉಳಿದಿದ್ದ ಹೆಣ ತಿಂದ ರಣಹದ್ದುಗಳ ಮೂತ್ರಪಿಂಡ ಕೆಟ್ಟವು. ಕಾರಣ 2004ರಲ್ಲಿ ಲೋಕಕ್ಕೆ ತಿಳಿಯಿತು, 2006ರಲ್ಲಿ ಭಾರತ ಪಶುಗಳಿಗೆ ಆ ಔಷಧಿಯನ್ನು ನಿಷೇಧಿಸಿತು. ಅಷ್ಟರಲ್ಲಿ ದೇಶದ ಬಿಳಿಬೆನ್ನಿನ ರಣಹದ್ದುಗಳಲ್ಲಿ ನೂರಕ್ಕೆ 95ಕ್ಕೂ ಹೆಚ್ಚು ಹೋಗಿಯಾಗಿತ್ತು.

ಈಗ ಆಳಂದ, ಅಫಜಲಪುರ, ಜೇವರ್ಗಿ ಅಂತ ತಿರುಗುವಾಗ ಜೋಳದ ತೆನೆ ಮೇಲೆ ಗಿಳಿ ಹಿಂಡು ಕಾಣ್ತಾವ. ರೋಡಿನ ಬದಿಯಲ್ಲಿ ಕೋಳಿಗಳು ಹರಳು ಹೆಕ್ಕುತ್ತಾವ. ಭೀಮಾ ದಂಡ್ಯಾಗ ನಿಂತು ಮ್ಯಾಲೆ ನೋಡಿದರೆ ಆಯಿ ಹೇಳಿದ ಹಕ್ಕಿ ಮಾತ್ರ ನನಗೆ ಇನ್ನೂ ಕಂಡಿಲ್ಲ.