ಡಿ.ಎಡ್., ಬಿ.ಎಡ್. ನಡುವಿನ ಮೂರು ತರಗತಿಗಳು: ಹಿರಿಯ ಪ್ರಾಥಮಿಕ ಹಂತದ ಇಂಗ್ಲಿಷ್ ಶಿಕ್ಷಕರ ತರಬೇತಿಯ ಚರಿತ್ರೆ

ಚನ್ನಗಿರಿ ತಾಲ್ಲೂಕಿನ ಉಬ್ರಾಣಿ ಹೋಬಳಿಯಂಥ ಕಡೆ ಕನ್ನಡ ಮಾಧ್ಯಮದಲ್ಲಿ ಓದುವ ಮಗುವಿಗೆ ಇಂಗ್ಲಿಷ್ ಸಿಗುವುದು ಬಹುಮಟ್ಟಿಗೆ ಶಾಲೆಯ ಪಿರಿಯಡ್ಡಿನಲ್ಲೇ. ಮನೆಯಲ್ಲಾಗಲಿ, ಅಡಿಕೆ ತೋಟದಲ್ಲಾಗಲಿ, ಸಂತೆಯಲ್ಲಾಗಲಿ ಅದರ ಮಾತುಕತೆ ಇಲ್ಲ. ಇಂಥ ಕಡೆ ಆರು, ಏಳು, ಎಂಟನೆಯ ತರಗತಿಯ ಇಂಗ್ಲಿಷ್ ಮೇಷ್ಟ್ರು ಏನು ಕಲಿತು ಬಂದಿದ್ದಾರೆಂಬುದೇ ಮಕ್ಕಳ ಕಲಿಕೆಯನ್ನು ನಿರ್ಧರಿಸುತ್ತದೆ. ಈ ಶಿಕ್ಷಕರನ್ನು ನಮ್ಮ ತರಬೇತಿ ಕಾಲೇಜುಗಳು ಹೇಗೆ ತಯಾರು ಮಾಡುತ್ತ ಬಂದಿವೆ ಎಂಬುದು ಈ ಲೇಖನದ ಪ್ರಶ್ನೆ. ಕೋರ್ಸುಗಳ ಹೆಸರು, ಅವಧಿ, ಬೋಧನಾ ವಿಧಾನ ಹಲವು ಸಲ ಬದಲಾದರೂ ಈ ಮೂರು ತರಗತಿಗಳಿಗೆಂದೇ ಒಂದು ವ್ಯಾಸಂಗಕ್ರಮ ನೆಲೆಗೊಳ್ಳಲಿಲ್ಲ ಎಂಬುದು ಇಲ್ಲಿನ ವಾದ.

ಮಿಡ್ಲ್ ಸ್ಕೂಲಿನ ಕಾಲ

ಚನ್ನಗಿರಿ ಸೇರಿರುವ ಇಂದಿನ ದಾವಣಗೆರೆ ಜಿಲ್ಲೆ ರೂಪುಗೊಂಡದ್ದು 1997ರಲ್ಲಿ. ಅದಕ್ಕೆ ಮುನ್ನ ಚನ್ನಗಿರಿ, ಹೊನ್ನಾಳಿ ಶಿವಮೊಗ್ಗ ಜಿಲ್ಲೆಗೂ ಜಗಳೂರು ಚಿತ್ರದುರ್ಗ ಜಿಲ್ಲೆಗೂ ಸೇರಿದ್ದವು. ನ್ಯಾಮತಿ ಹೊನ್ನಾಳಿ ತಾಲ್ಲೂಕಿನ ಭಾಗವಾಗಿತ್ತು. ಎಲ್ಲವೂ ಹಳೆಯ ಮೈಸೂರು ಸಂಸ್ಥಾನದ ನೆಲ. 1857ರಲ್ಲಿ ಶಿಕ್ಷಣ ಇಲಾಖೆ ಆರಂಭವಾದ ಈ ಸಂಸ್ಥಾನದಲ್ಲಿ ಇಂಗ್ಲಿಷ್ ಕಲಿಕೆಯ ಬಾಗಿಲು ಆಂಗ್ಲೋ-ವರ್ನಾಕ್ಯುಲರ್ (ಎ.ವಿ.) ಸ್ಕೂಲು, ಮುಂದೆ ಮಿಡ್ಲ್ ಸ್ಕೂಲು. ಮುಂಬೈ ಪ್ರಾಂತ್ಯದ ಕನ್ನಡ ಭಾಗದಲ್ಲಾದರೋ ಸ್ವಾತಂತ್ರ್ಯದ ಹೊತ್ತಿನಲ್ಲಿ ಇಂಗ್ಲಿಷನ್ನು ಎಂಟನೆಯ ತರಗತಿಗೆ ಮುಂದೂಡಲಾಯಿತು. ಹೀಗೆ 1956ರಲ್ಲಿ ಒಂದಾದ ರಾಜ್ಯಕ್ಕೆ ಇಂಗ್ಲಿಷ್ ಯಾವ ತರಗತಿಯಿಂದ ಎಂಬ ವಿಷಯದಲ್ಲೇ ಭಿನ್ನ ಪರಂಪರೆಗಳು ಕೈಗೆ ಬಂದವು. ಮುಂದೆ ಐದನೆಯ ತರಗತಿಯಿಂದ ಇಂಗ್ಲಿಷ್ ಎಂಬುದು ಸರ್ಕಾರಿ ಶಾಲೆಗಳ ರೂಢಿಯಾಗಿ, 2007-08ರಲ್ಲಿ ಅದು ಒಂದನೆಯ ತರಗತಿಗೆ ಇಳಿಯಿತು.

ಶಿಕ್ಷಕರ ತರಬೇತಿ ಮಾತ್ರ ಎರಡೇ ಹಾದಿಯಲ್ಲಿ ನಡೆಯಿತು. ಟಿ.ಸಿ.ಎಚ್. (ಮುಂದೆ ಡಿ.ಎಡ್.) ಮಾಡಿದವರು ಪ್ರಾಥಮಿಕ ಶಾಲೆಗೆ ಹೋಗಿ ಎಲ್ಲ ವಿಷಯ ಕಲಿಸಬೇಕು. ಪದವಿಯ ಮೇಲೆ ಬಿ.ಟಿ. ಅಥವಾ ಬಿ.ಎಡ್. ಮಾಡಿದವರು ಹೈಸ್ಕೂಲಿಗೆ ಹೋಗಿ ತಮ್ಮ ವಿಷಯ ಕಲಿಸಬೇಕು. ಹಿರಿಯ ಪ್ರಾಥಮಿಕದ ಇಂಗ್ಲಿಷ್ ಮೊದಲನೆಯವರ ಪಾಲಿಗೆ ಬಂತು. ಪಾಠ ಟಿಪ್ಪಣಿ, ಕಲಿಕೋಪಕರಣ, ಬೋಧನಾಭ್ಯಾಸಗಳಲ್ಲಿ ಅವರು ಪಳಗಿದ್ದರು. ಆದರೆ ಇಂಗ್ಲಿಷಿನಲ್ಲಿ ತಾವೇ ಓದಿ, ಮಾತಾಡಿ, ಬರೆದು ಭಾಷೆಯನ್ನು ಗಟ್ಟಿ ಮಾಡಿಕೊಳ್ಳುವುದಕ್ಕೆ ಆ ತರಬೇತಿಯಲ್ಲಿ ಎಡೆ ಕಡಿಮೆ.

1963ರ ಎರಡು ಸಂಸ್ಥೆಗಳು

ಈ ಕೊರತೆ ಆಳುವವರಿಗೆ ಕಾಣದೆ ಇರಲಿಲ್ಲ. 1958ರಲ್ಲಿ ಹೈದರಾಬಾದಿನಲ್ಲಿ ಕೇಂದ್ರೀಯ ಇಂಗ್ಲಿಷ್ ಸಂಸ್ಥೆ ತೆರೆಯಿತು. 1963ರಲ್ಲಿ ದಕ್ಷಿಣದ ರಾಜ್ಯಗಳಿಗಾಗಿ ಬೆಂಗಳೂರಿನಲ್ಲಿ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆಯೂ, ಅದೇ ವರ್ಷ ಮೈಸೂರಿನಲ್ಲಿ ಪ್ರಾದೇಶಿಕ ಶಿಕ್ಷಣ ಮಹಾವಿದ್ಯಾಲಯವೂ ಆರಂಭವಾದವು. ಇವೆರಡರ ದಾರಿ ಬೇರೆ. ಮೈಸೂರಿನದು ಪದವಿಯನ್ನೂ ಶಿಕ್ಷಕ ತರಬೇತಿಯನ್ನೂ ನಾಲ್ಕು ವರ್ಷಗಳಲ್ಲಿ ಬೆಸೆಯುವ ಪ್ರಯೋಗ. ಭಾವಿ ಶಿಕ್ಷಕ ವಿಷಯವನ್ನೂ ಬೋಧನೆಯನ್ನೂ ಜೊತೆಯಲ್ಲೇ ಕಲಿಯುತ್ತಾನೆ. ಬೆಂಗಳೂರಿನದು ಮುಖ್ಯವಾಗಿ ಈಗಾಗಲೇ ಕೆಲಸದಲ್ಲಿರುವವರನ್ನು ಕರೆಸಿ ತಿದ್ದುವ ವ್ಯವಸ್ಥೆ. ಅದರ 30 ದಿನಗಳ ತರಬೇತಿ ಶಿಕ್ಷಕರ ನಡುವೆ ಹೆಸರಾಯಿತು. 1986ರ ರಾಷ್ಟ್ರೀಯ ಶಿಕ್ಷಣ ನೀತಿಯ ಫಲವಾಗಿ ಬಂದ ಜಿಲ್ಲಾ ಶಿಕ್ಷಣ ಮತ್ತು ತರಬೇತಿ ಸಂಸ್ಥೆಗಳು (ಡಯಟ್) ಸೇವಾನಿರತರ ತರಬೇತಿಯನ್ನು ಊರುಗಳಿಗೆ ಹತ್ತಿರ ತಂದವು. ಕಾಲೇಜಿನಲ್ಲಿ ಉಳಿದ ಕೊರತೆಯನ್ನು ನೌಕರಿ ಸಿಕ್ಕ ಮೇಲೆ ಶಿಬಿರಗಳಲ್ಲಿ ತುಂಬಿಕೊಳ್ಳುವ ಕ್ರಮ ಹೀಗೆ ಊರ್ಜಿತವಾಯಿತು.

ಬೆಂಗಳೂರು ಯೋಜನೆ

ಈ ಚರಿತ್ರೆಯ ಅತ್ಯಂತ ಮುಖ್ಯ ಅಧ್ಯಾಯ 1979ರಿಂದ 1984ರವರೆಗಿನದು. ಇಂಗ್ಲಿಷ್ ಬೋಧನಾ ತಜ್ಞ ಎನ್.ಎಸ್. ಪ್ರಭು ಅವರ ನೇತೃತ್ವದಲ್ಲಿ, ಬೆಂಗಳೂರಿನ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆಯ ಜೊತೆಗೂಡಿ, ದಕ್ಷಿಣ ಭಾರತದ ಸಾಮಾನ್ಯ ಶಾಲೆಗಳಲ್ಲಿ ಒಂದು ಪ್ರಯೋಗ ನಡೆಯಿತು. ಅಲ್ಲಿಯವರೆಗೆ ರಾಜ್ಯವಾಳುತ್ತಿದ್ದುದು ವಾಕ್ಯರಚನೆಗಳನ್ನು ಒಂದೊಂದಾಗಿ ಉರು ಹೊಡೆಸುವ ಪದ್ಧತಿ. ಪ್ರಭು ಅದನ್ನು ಬದಿಗಿಟ್ಟು ಮಕ್ಕಳ ಮುಂದೆ ರೈಲು ವೇಳಾಪಟ್ಟಿ, ನಕ್ಷೆಗಳಂಥವನ್ನು ಇಟ್ಟು ಲೆಕ್ಕಾಚಾರದ ಸಮಸ್ಯೆಗಳನ್ನು ಕೊಟ್ಟರು. ಉತ್ತರ ಹುಡುಕುವ ಗಮನದಲ್ಲಿ ಭಾಷೆ ತಾನಾಗಿ ಒಳಗಿಳಿಯುತ್ತದೆ ಎಂಬುದು ಅವರ ನಂಬಿಕೆ. ತರಗತಿಯ ಸುಮಾರು ಅರ್ಧದಷ್ಟು ಮಕ್ಕಳು ಸುಮಾರು ಅರ್ಧದಷ್ಟು ಕೆಲಸವನ್ನಾದರೂ ಸರಿಯಾಗಿ ಮಾಡಬಲ್ಲಷ್ಟೇ ಸಮಸ್ಯೆಗಳು ಕಠಿಣವಾಗಿರಬೇಕು ಎಂಬುದು ಅಳತೆ. 1987ರಲ್ಲಿ ಪ್ರಕಟವಾದ ಅವರ ಪುಸ್ತಕದಿಂದ ‘ಬೆಂಗಳೂರು ಯೋಜನೆ’ ಲೋಕದ ಇಂಗ್ಲಿಷ್ ಬೋಧನಾ ಶಾಸ್ತ್ರದಲ್ಲಿ ಚಿರಪರಿಚಿತವಾಯಿತು.

ಆದರೆ ಇದನ್ನು ನಡೆಸಲು ಶಿಕ್ಷಕನಿಗೆ ತರಗತಿಯಲ್ಲಿ ತಡವರಿಸದೆ ಇಂಗ್ಲಿಷ್ ಆಡಲು ಬರಬೇಕು. ಯಾವ ಮಗು ಯಾವ ಪ್ರಶ್ನೆ ಕೇಳೀತು ಎಂದು ಮೊದಲೇ ಪಾಠ ಟಿಪ್ಪಣಿಯಲ್ಲಿ ಬರೆದಿಡಲಾಗದು. ಪ್ರಯೋಗಕ್ಕೆ ಇಳಿದವರಲ್ಲಿ ಹಲವರು ಇಂಗ್ಲಿಷಿನಲ್ಲಿ ಚೆನ್ನಾಗಿ ಪಳಗಿದವರು. ಸಾಮಾನ್ಯ ತರಬೇತಿ ಕಾಲೇಜು ಅಂಥವರನ್ನು ರೂಪಿಸುವಂತೆ ಇರಲಿಲ್ಲ. ವಿಧಾನ ಇಲ್ಲಿ ಹುಟ್ಟಿದರೂ ಇಲ್ಲಿಯ ಹಿರಿಯ ಪ್ರಾಥಮಿಕ ಶಾಲೆಗಳಲ್ಲಿ ಬೇರು ಬಿಡದಿರಲು ಇದೊಂದು ಮುಖ್ಯ ಕಾರಣ.

ನಿಯಮಗಳ ಕಾಲ

2010ರಲ್ಲಿ ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯ್ದೆ ಆರರಿಂದ ಎಂಟನೆಯ ತರಗತಿಗಳಿಗೆ ಭಾಷೆಗೆ ಪ್ರತ್ಯೇಕ ಶಿಕ್ಷಕರನ್ನು ಕೇಳಿತು. ಕರ್ನಾಟಕದಲ್ಲಿ ಪದವೀಧರ ಪ್ರಾಥಮಿಕ ಶಿಕ್ಷಕರ ವೃಂದ ಬಂತು. 2022ರ 15,000 ಹುದ್ದೆಗಳ ನೇಮಕಾತಿಯಲ್ಲಿ ಇಂಗ್ಲಿಷ್ ಪ್ರತ್ಯೇಕ ವಿಷಯವಾಗಿತ್ತು. ಹುದ್ದೆ ಹುಟ್ಟಿತು, ಅದಕ್ಕೆ ತಕ್ಕ ವ್ಯಾಸಂಗ ಹುಟ್ಟಲಿಲ್ಲ. ರಾಷ್ಟ್ರೀಯ ಶಿಕ್ಷಕ ಶಿಕ್ಷಣ ಪರಿಷತ್ತಿನ 2014ರ ನಿಯಮಗಳ ಪ್ರಕಾರ ಡಿ.ಎಡ್.ನ ಹೊಸ ರೂಪವಾದ ಡಿ.ಎಲ್.ಎಡ್. ಒಂದರಿಂದ ಎಂಟನೆಯ ತರಗತಿಗೆ, ಬಿ.ಎಡ್. ಆರರಿಂದ ಹನ್ನೆರಡಕ್ಕೆ. ಈ ಮೂರು ತರಗತಿಗಳು ಎರಡರ ವ್ಯಾಪ್ತಿಯಲ್ಲೂ ಇವೆ, ಎರಡರ ಕೇಂದ್ರದಲ್ಲೂ ಇಲ್ಲ. ಬಿ.ಎಡ್. ಎರಡು ವರ್ಷವಾಗಿ, ಶಾಲಾ ಅನುಭವ 20 ವಾರಕ್ಕೆ ಏರಿದ್ದು ಒಳ್ಳೆಯದೇ. ಆದರೆ ಆ ವಾರಗಳನ್ನು ಹಿರಿಯ ಪ್ರಾಥಮಿಕದ ಇಂಗ್ಲಿಷ್ ತರಗತಿಯಲ್ಲೇ ಕಳೆಯಬೇಕೆಂಬ ಕಡ್ಡಾಯವಿಲ್ಲ.

ಶಿಕ್ಷಕರ ಅರ್ಹತಾ ಪರೀಕ್ಷೆಯ (ಟಿ.ಇ.ಟಿ.) ಲೆಕ್ಕ ಇನ್ನೂ ವಿಚಿತ್ರ. ಟಿ.ಇ.ಟಿ. ಎರಡನೆಯ ಪತ್ರಿಕೆಯ 150 ಅಂಕಗಳಲ್ಲಿ ಇಂಗ್ಲಿಷಿಗೆ 30. ಇಂಗ್ಲಿಷ್ ಕಲಿಸಲು ಹೊರಟವರೂ ಗಣಿತ-ವಿಜ್ಞಾನವನ್ನೋ ಸಮಾಜ ವಿಜ್ಞಾನವನ್ನೋ ಆರಿಸಿಕೊಂಡು 60 ಅಂಕಗಳಿಗೆ ಉತ್ತರಿಸಬೇಕು. ತಾವು ಕಲಿಸುವ ಭಾಷೆಗಿಂತ ಕಲಿಸದ ವಿಷಯಕ್ಕೆ ಇಮ್ಮಡಿ ತೂಕ.

ಸಮಾರೋಪ

ರಾಷ್ಟ್ರೀಯ ಶಿಕ್ಷಣ ನೀತಿ 2020 ಆರರಿಂದ ಎಂಟನ್ನು ಪ್ರತ್ಯೇಕ ಹಂತವೆಂದು ಗುರುತಿಸಿತು. 2023-24ರಲ್ಲಿ ಆರಂಭವಾದ ನಾಲ್ಕು ವರ್ಷಗಳ ಸಂಯೋಜಿತ ಶಿಕ್ಷಕ ತರಬೇತಿ ಕೋರ್ಸು ಆ ಹಂತಕ್ಕೂ ಜಾಗ ಇಟ್ಟಿದೆ. 1963ರ ಮೈಸೂರಿನ ಪ್ರಯೋಗವೇ ಅರವತ್ತು ವರ್ಷಗಳ ನಂತರ ದೇಶದ ನೀತಿಯಾಗಿ ಬಂದಂತಾಯಿತು. ಆದರೆ ಹಳ್ಳಿಯ ಕನ್ನಡ ಮಾಧ್ಯಮದ ಮಕ್ಕಳ ಮುಂದೆ ನಿಲ್ಲುವ ಶಿಕ್ಷಕರು ಇನ್ನೂ ಬಹುಕಾಲ ದಾವಣಗೆರೆ, ಶಿವಮೊಗ್ಗಗಳ ಸಾಮಾನ್ಯ ಬಿ.ಎಡ್., ಡಿ.ಎಲ್.ಎಡ್. ಕಾಲೇಜುಗಳಿಂದಲೇ ಬರುತ್ತಾರೆ. ಅಲ್ಲಿ ಮೂರು ಬದಲಾವಣೆ ಆಗಬೇಕು: ಭಾವಿ ಶಿಕ್ಷಕರ ಸ್ವಂತ ಇಂಗ್ಲಿಷಿಗೆ ಎರಡು ವರ್ಷವೂ ನಿತ್ಯ ಅಭ್ಯಾಸ, ಕನ್ನಡದ ಮೂಲಕ ಇಂಗ್ಲಿಷಿಗೆ ಬರುವ ಹತ್ತರಿಂದ ಹದಿನಾಲ್ಕು ವಯಸ್ಸಿನ ಮಕ್ಕಳ ಕಲಿಕೆಯ ಮೇಲೊಂದು ಪತ್ರಿಕೆ, ಮತ್ತು ಹಿರಿಯ ಪ್ರಾಥಮಿಕ ಶಾಲೆಯಲ್ಲಿ ಕಡ್ಡಾಯ ಬೋಧನಾಭ್ಯಾಸ. ಇವಕ್ಕೆ ಹೊಸ ಸಂಸ್ಥೆ ಬೇಕಿಲ್ಲ. ವಿಶ್ವವಿದ್ಯಾಲಯಗಳೂ ಇಲಾಖೆಯೂ ಒಟ್ಟಿಗೆ ಕೂತು ಪಠ್ಯಕ್ರಮ ತಿದ್ದಿದರೆ ಸಾಕು.