ಮಾಂಟ್‌ಗೊಮರಿಯ ಭಯ ಮತ್ತು ವಿಶ್ವಾಸ: ಒಂದು ಮರುಪರಿಶೀಲನೆ

ಮಾರ್ಟಿನ್ ಲೂಥರ್ ಕಿಂಗ್ ಜೂನಿಯರ್ ಅವರ ವಿಶ್ವಾಸಜೀವನವನ್ನು ಕುರಿತ ಬರಹಗಳು 1956ರ ಜನವರಿ 27ರ ರಾತ್ರಿಗೆ ವಿಶೇಷ ಮಹತ್ವ ಕೊಡುತ್ತವೆ. ಆ ಒಂದೇ ರಾತ್ರಿಯಲ್ಲಿ ಅವರ ಭಯ ನೀಗಿತೆಂಬ ಗ್ರಹಿಕೆಯೂ ಬಳಕೆಯಲ್ಲಿದೆ. ಆದರೆ ಕಿಂಗ್ ಅವರೇ 1958ರಲ್ಲಿ ಪ್ರಕಟಿಸಿದ ‘ಸ್ಟ್ರೈಡ್ ಟುವರ್ಡ್ ಫ್ರೀಡಂ’ ಕೃತಿಯನ್ನು ಗಮನವಿಟ್ಟು ಓದಿದಾಗ, ಭಯದೊಡನೆ ಅವರು ನಡೆಸಿದ ಹೋರಾಟ ತಿಂಗಳುಗಟ್ಟಲೆ ನಡೆದದ್ದು, ಅದರಲ್ಲಿ ಇಡೀ ಸಮುದಾಯ ಪಾಲುಗೊಂಡದ್ದು ಸ್ಪಷ್ಟವಾಗುತ್ತದೆ.

ಬಸ್ಸಿನಲ್ಲಿ ಬಿಳಿಯರಿಗೆ ಸೀಟು ಬಿಟ್ಟುಕೊಡಲು ಒಪ್ಪದ ಕಪ್ಪು ಮಹಿಳೆ ರೋಸಾ ಪಾರ್ಕ್ಸ್ ಅವರ ಬಂಧನದ ನಂತರ, 1955ರ ಡಿಸೆಂಬರ್ 5ರಂದು ಅಲಬಾಮಾದ ಮಾಂಟ್‌ಗೊಮರಿಯಲ್ಲಿ ಕಪ್ಪು ಜನರ ಬಸ್ ಬಹಿಷ್ಕಾರ ಶುರುವಾಯಿತು. ಮುಂದಾಳುತನ ಡೆಕ್ಸ್ಟರ್ ಅವೆನ್ಯೂ ಬ್ಯಾಪ್ಟಿಸ್ಟ್ ಚರ್ಚಿನ 26 ವರ್ಷದ ಪಾಸ್ಟರ್ ಕಿಂಗ್ ಅವರ ಹೆಗಲೇರಿತು. ಜನವರಿ 26ರಂದು ಅತಿವೇಗದ ಚಾಲನೆಯ ಆರೋಪದ ಮೇಲೆ ಅವರನ್ನು ಜೈಲಿಗೆ ಕರೆದೊಯ್ದರು. ಮರುದಿನ ರಾತ್ರಿ ಫೋನಿನಲ್ಲಿ ಕೊಲೆಬೆದರಿಕೆ ಬಂತು. ನಿದ್ದೆ ಹತ್ತದೆ ಅಡುಗೆಮನೆಯಲ್ಲಿ ಕಾಫಿ ಕಾಸಿಕೊಂಡು ಕುಳಿತ ಕಿಂಗ್, ಹೇಡಿ ಎನಿಸಿಕೊಳ್ಳದೆ ಹೊಣೆ ಕಳಚಿಕೊಳ್ಳುವುದು ಹೇಗೆಂದು ಯೋಚಿಸತೊಡಗಿದ್ದರು. ಕೊನೆಗೆ, ತಮ್ಮಲ್ಲಿ ಇನ್ನು ಶಕ್ತಿ ಉಳಿದಿಲ್ಲವೆಂದು ದೇವರೆದುರು ಬಾಯಿಬಿಟ್ಟು ಹೇಳಿಕೊಂಡರು. ಆಗ ದೇವರ ಸಾನ್ನಿಧ್ಯ ಹಿಂದೆಂದೂ ಇಲ್ಲದಷ್ಟು ನಿಚ್ಚಳವಾಗಿ ಅನುಭವಕ್ಕೆ ಬಂತೆಂದು ಬರೆದಿದ್ದಾರೆ.

ಜನವರಿ 30ರಂದು ಅವರ ಮನೆಯ ಮೇಲೆ ಬಾಂಬ್ ಬಿತ್ತು. ಪತ್ನಿ ಕೊರೆಟ್ಟಾ ಮತ್ತು ಹಸುಗೂಸು ಯೊಲಾಂಡಾ ಅಪಾಯದಿಂದ ಪಾರಾದರು. ರೊಚ್ಚಿಗೆದ್ದು ನೆರೆದ ಜನರನ್ನು ಕಿಂಗ್ ಸಮಾಧಾನಪಡಿಸಿ ಮನೆಗೆ ಕಳುಹಿಸಿದರು.

ಆದರೂ ಅದೇ ದಿನಗಳಲ್ಲಿ ಅವರು ಬಂದೂಕಿನ ಪರವಾನಗಿಗೆ ಅರ್ಜಿ ಹಾಕಿದರು. ಅರ್ಜಿ ತಿರಸ್ಕೃತವಾಯಿತು. ಅಹಿಂಸೆಯನ್ನು ಬೋಧಿಸುತ್ತ ಆಯುಧ ಇಟ್ಟುಕೊಳ್ಳುವುದು ಸರಿಯೇ ಎಂದು ಪತ್ನಿಯೊಡನೆ ಚರ್ಚಿಸಿದ ಮೇಲೆ, ಮನೆಯಲ್ಲಿ ಆಯುಧವೇ ಬೇಡವೆಂದು ನಿರ್ಧರಿಸಿದರು. ಪ್ರಾರ್ಥನೆಯ ಆ ರಾತ್ರಿಯ ನಂತರವೂ ಭಯ ಉಳಿದಿತ್ತು ಎಂಬುದಕ್ಕೆ ಇದು ಪ್ರಬಲ ಸಾಕ್ಷ್ಯ. ಇದರಿಂದ ಅವರ ವಿಶ್ವಾಸದ ಘನತೆ ಕುಗ್ಗುವುದಿಲ್ಲ. ಅದು ಎಷ್ಟು ಕಠಿಣ ಪರೀಕ್ಷೆಗೆ ಒಳಗಾಯಿತೆಂಬುದು ತಿಳಿಯುತ್ತದೆ.

ಈ ಪರೀಕ್ಷೆಯಲ್ಲಿ ಅವರು ಒಂಟಿಯಾಗಿರಲಿಲ್ಲ. ಚರ್ಚುಗಳಲ್ಲಿ ಮೇಲಿಂದ ಮೇಲೆ ಸೇರುತ್ತಿದ್ದ ಸಾರ್ವಜನಿಕ ಸಭೆಗಳಲ್ಲಿ ಹಾಡು, ಪ್ರಾರ್ಥನೆ, ಬೈಬಲ್ ವಾಚನದ ಜೊತೆಗೇ ಬಸ್ಸಿನ ಬದಲು ಜನರನ್ನು ಕಾರುಗಳಲ್ಲಿ ಕರೆದೊಯ್ಯುವ ವ್ಯವಸ್ಥೆಯ ಮಾತೂ ನಡೆಯುತ್ತಿತ್ತು. ಮನೆಗೆಲಸದ ಹೆಂಗಸರೂ ಪ್ರಾಧ್ಯಾಪಕರೂ ಒಂದೇ ಬೆಂಚಿನಲ್ಲಿ ಕೂರುತ್ತಿದ್ದರು. ಫೆಬ್ರವರಿಯಲ್ಲಿ ಬಹಿಷ್ಕಾರದ ಮುಖಂಡರ ಮೇಲೆ ಮೊಕದ್ದಮೆ ಹೂಡಿದಾಗ ಹಲವರು ತಾವಾಗಿಯೇ ಹೋಗಿ ಬಂಧನಕ್ಕೆ ಒಳಗಾದರು.

ನವೆಂಬರ್ 13ರಂದು ಸುಪ್ರೀಂ ಕೋರ್ಟ್ ಬಸ್ಸುಗಳಲ್ಲಿನ ವರ್ಣಭೇದ ಅಸಾಂವಿಧಾನಿಕ ಎಂಬ ತೀರ್ಪನ್ನು ಎತ್ತಿಹಿಡಿಯಿತು. ಆ ರಾತ್ರಿ ಬಿಳಿಯರ ಜನಾಂಗದ್ವೇಷಿ ಸಂಘಟನೆ ಕು ಕ್ಲಕ್ಸ್ ಕ್ಲಾನ್‌ನ ಸದಸ್ಯರು ಕಪ್ಪು ಜನರ ಬೀದಿಗಳಲ್ಲಿ ಕಾರುಗಳ ಮೆರವಣಿಗೆ ಹೊರಟರು. ಹಿಂದೆಲ್ಲ ದೀಪ ಆರಿಸಿ ಬಾಗಿಲು ಹಾಕಿಕೊಳ್ಳುತ್ತಿದ್ದ ಜನ ಈ ಬಾರಿ ಬಾಗಿಲು ತೆರೆದಿಟ್ಟು, ದೀಪ ಉರಿಸಿ, ನೋಡುತ್ತ ನಿಂತರು. ಕಿಂಗ್ ಒಬ್ಬರ ಅನುಭವದಿಂದಷ್ಟೇ ಈ ಬದಲಾವಣೆಯನ್ನು ವಿವರಿಸಲಾಗದು. ವರ್ಷವಿಡೀ ನಡೆದ ಆ ಸಭೆಗಳನ್ನು ಜನವರಿಯ ಪ್ರಾರ್ಥನೆಯಷ್ಟೇ ಮುಖ್ಯವಾದ ಧಾರ್ಮಿಕ ಆಕರವೆಂದು ಅಧ್ಯಯನಕಾರರು ಪರಿಗಣಿಸಬೇಕಿದೆ.